ಸ್ಲೋ ಸ್ಪೀಡ್ ಅಳೆಯಲು ಕಿವಿಯೇ, ಫೋನೇ, ತಂತಿಯ ಮೀಟರೇ?

ನನ್ನ ಬಳಿ ಇರುವುದು 2006ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್. 97.2 ಸಿಸಿಯ ಒಂದೇ ಸಿಲಿಂಡರಿನ ಈ ಎಂಜಿನ್, ಎಕ್ಸಲರೇಟರ್ ಬಿಟ್ಟು ನಿಂತಾಗ, ನಿಮಿಷಕ್ಕೆ 1400 ಸುತ್ತು ತಿರುಗುತ್ತಿರಬೇಕು. ನೂರು ಹೆಚ್ಚು ಕಡಿಮೆಯಾದರೆ ಅಡ್ಡಿಯಿಲ್ಲ. ಗ್ಯಾರೇಜುಗಳಲ್ಲಿ ಇದನ್ನೇ ‘ಸ್ಲೋ’ ಅಥವಾ ‘ಐಡ್ಲಿಂಗ್’ ಎನ್ನುತ್ತಾರೆ. ಈ ಗಾಡಿಯಲ್ಲಿ ಸುತ್ತು ತೋರಿಸುವ ಮೀಟರ್ ಇಲ್ಲ. ಕಳೆದ ಮಳೆಗಾಲದಲ್ಲಿ ಹಾಸನದ ಸಿಗ್ನಲ್ಲುಗಳಲ್ಲಿ ಅದು ಮೇಲಿಂದ ಮೇಲೆ ಆಫ್ ಆಗತೊಡಗಿತು. ರಾತ್ರಿ ನಿಂತಾಗ ಹೆಡ್‌ಲೈಟ್ ಎಣ್ಣೆ ತೀರಿದ ದೀಪದಂತೆ ಕಂದುತ್ತಿತ್ತು, ಏಕೆಂದರೆ ಈ ಮಾದರಿಯಲ್ಲಿ ಹೆಡ್‌ಲೈಟಿಗೆ ಕರೆಂಟು ಬರುವುದು ಬ್ಯಾಟರಿಯಿಂದಲ್ಲ, ಎಂಜಿನ್ ಜೊತೆಗೆ ತಿರುಗುವ ಮ್ಯಾಗ್ನೆಟೋದಿಂದ. ಒಂದು ಗ್ಯಾರೇಜಿನಲ್ಲಿ ಸ್ಲೋ ಏರಿಸಿಕೊಟ್ಟರು. ಆಫ್ ಆಗುವುದು ನಿಂತಿತು, ಆದರೆ ಫಸ್ಟ್ ಗೇರ್ ಹಾಕಿದಾಗಲೆಲ್ಲ ‘ಧಡ್’ ಎಂಬ ಸದ್ದು ಶುರುವಾಯಿತು, ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಕಡಿಮೆಯಾಯಿತು. ಎಷ್ಟಿತ್ತು, ಎಷ್ಟಾಯಿತು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಹೀಗಾಗಿ, ಮನೆಯಲ್ಲೇ ಅಳೆಯಲು ಇರುವ ದಾರಿಗಳನ್ನು ಒಂದೊಂದಾಗಿ ಇದೇ ಗಾಡಿಯ ಮೇಲೆ ಪರೀಕ್ಷಿಸಿದೆ.

ಯಾವ ದಾರಿ ಹಿಡಿದರೂ ಮೊದಲು ಆಗಬೇಕಾದ ಕೆಲಸ ಒಂದೇ. ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಚೋಕ್ ಪೂರ್ತಿ ಹಿಂದಕ್ಕೆ ಹೋಗಿರಬೇಕು, ಎಕ್ಸಲರೇಟರ್ ಕೇಬಲಿಗೆ ಸ್ವಲ್ಪ ಸಡಿಲವಿರಬೇಕು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿದಾಗ ಎಂಜಿನ್ ಸದ್ದು ಏರಿದರೆ ಕೇಬಲ್ ಬಿಗಿಯಾಗಿದೆ ಎಂದೇ ಅರ್ಥ. ಅದನ್ನು ಸರಿಪಡಿಸದೆ ಸ್ಲೋ ಏರಿಸಿ ಇಳಿಸುವ ಸ್ಕ್ರೂ ಮುಟ್ಟುವುದು ವ್ಯರ್ಥ. ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಮಾಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮೊದಲನೆಯದು ಕಿವಿ. ವರ್ಷಗಟ್ಟಲೆ ಈ ಕೆಲಸ ಮಾಡಿದ ಮೆಕ್ಯಾನಿಕ್‌ಗಳ ಕಿವಿಯ ಬಗ್ಗೆ ನನಗೆ ಗೌರವವಿದೆ, ಆದ್ದರಿಂದಲೇ ಅದನ್ನು ಸರಿಯಾಗಿ ಪರೀಕ್ಷಿಸಬೇಕೆನಿಸಿತು. ಬೇರೆ ಬೇರೆ ದಿನ ಮೂವರಿಂದ ಸ್ಲೋ ಸೆಟ್ ಮಾಡಿಸಿ, ಮನೆಗೆ ಬಂದು, ಮುಂದೆ ವಿವರಿಸುವ ರೆಕಾರ್ಡಿಂಗ್ ವಿಧಾನದಲ್ಲಿ ಎಣಿಸಿದೆ. ಒಬ್ಬರದು 1176, ಇನ್ನೊಬ್ಬರದು 1392, ಮೂರನೆಯವರದು 1608. ಮಧ್ಯದವರ ಅಂಗಡಿ ಊರ ಹೊರಗಿನ ಸದ್ದಿಲ್ಲದ ಓಣಿಯಲ್ಲಿತ್ತು. 1608 ಬಂದದ್ದು ಸಂಜೆ ಆರು ಗಂಟೆಗೆ ಬಸ್ಸು ಲಾರಿಗಳ ನಡುವೆ, ಹೆದ್ದಾರಿಯ ಪಕ್ಕದಲ್ಲಿ. ಸುತ್ತಲಿನ ಗದ್ದಲ ಹೆಚ್ಚಿದ್ದಲ್ಲಿ ಎಂಜಿನ್ ಸದ್ದು ಸಾಲದೆನಿಸಿ ಕೈ ತಾನಾಗಿ ಸ್ಕ್ರೂವನ್ನು ಇನ್ನಷ್ಟು ತಿರುಗಿಸುತ್ತದೆ ಎಂದು ನನ್ನ ಊಹೆ. ಮೂರೇ ಪ್ರಯತ್ನಗಳಿಂದ ದೊಡ್ಡ ಮಾತು ಆಡಲಾಗದು. ಆದರೂ ಸಂಖ್ಯೆ ಹೇಳಲು ಕಿವಿಯನ್ನು ನಂಬುವುದನ್ನು ನಾನು ಬಿಟ್ಟಿದ್ದೇನೆ. ಸದ್ದು ಒಂದೇ ಸಮ ಇದೆಯೇ, ಏರಿಳಿಯುತ್ತಿದೆಯೇ, ನಡುವೆ ತಪ್ಪುತ್ತಿದೆಯೇ ಎಂಬುದನ್ನು ಮಾತ್ರ ಕಿವಿಯಷ್ಟು ಬೇಗ ಬೇರಾವುದೂ ಹೇಳುವುದಿಲ್ಲ.

ಎರಡನೆಯದು, ಎಂಜಿನ್ ಸದ್ದು ಕೇಳಿಸಿಕೊಂಡು ಸುತ್ತು ತೋರಿಸುವ ಫೋನ್ ಆ್ಯಪ್. ಸಿಲಿಂಡರ್ ಎಷ್ಟು, ಫೋರ್ ಸ್ಟ್ರೋಕೋ ಟೂ ಸ್ಟ್ರೋಕೋ ಎಂದು ಅದು ಕೇಳುತ್ತದೆ. ಎಲ್ಲವನ್ನೂ ಸರಿಯಾಗಿ ತುಂಬಿದ ಮೇಲೂ ಪರದೆಯ ಮೇಲೆ 1400, 2800, ಮತ್ತೆ 1400, ನಡುವೆ 4200 ಎಂದು ಅಂಕಿಗಳು ಕುಪ್ಪಳಿಸುತ್ತಿದ್ದವು. ಕಾರಣ ಊಹಿಸುವುದು ಕಷ್ಟವಲ್ಲ. ಫೋರ್ ಸ್ಟ್ರೋಕ್ ಎಂಜಿನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಪೆಟ್ರೋಲ್ ಉರಿಯುವುದರಿಂದ 1400 ಸುತ್ತಿಗೆ ನಿಮಿಷಕ್ಕೆ 700 ಬಡಿತ, ಅಂದರೆ ಸೆಕೆಂಡಿಗೆ ಹನ್ನೆರಡಕ್ಕೂ ಕಡಿಮೆ. ಮನುಷ್ಯನ ಕಿವಿಗೆ ಸ್ವರವಾಗಿ ಕೇಳಿಸುವುದೇ ಸೆಕೆಂಡಿಗೆ ಸುಮಾರು ಇಪ್ಪತ್ತು ಕಂಪನಗಳಿಂದ ಮೇಲೆ. ಮಾತು ಹಿಡಿಯಲೆಂದು ಮಾಡಿದ ಫೋನಿನ ಮೈಕಿಗೆ ಅಷ್ಟು ಕೆಳಗಿನದು ದುರ್ಬಲವಾಗಿ ಸಿಕ್ಕುತ್ತದೆ, ಅದರ ಎರಡರಷ್ಟು, ಮೂರರಷ್ಟು ಇರುವ ಕಂಪನಗಳು ಜೋರಾಗಿ ಸಿಕ್ಕುತ್ತವೆ, ಆ್ಯಪ್ ಅವುಗಳ ಬೆನ್ನು ಹತ್ತುತ್ತದೆ. ಸರಿಯಾದ ಉತ್ತರ ಮೊದಲೇ ಗೊತ್ತಿದ್ದವರಿಗೆ ಮಾತ್ರ ಇಂಥ ಆ್ಯಪ್ ಉಪಯೋಗಕ್ಕೆ ಬಂದೀತು. ನಾನು ಅದನ್ನು ತೆಗೆದುಹಾಕಿದೆ.

ಅದೇ ಫೋನಿನಿಂದ ನಂಬಿಕೆಗೆ ಅರ್ಹವಾದ ಇನ್ನೊಂದು ಕೆಲಸ ಮಾಡಿಸಬಹುದು. ಸೈಲೆನ್ಸರಿನ ಬಾಯಿಂದ ಒಂದು ಗೇಣು ಪಕ್ಕಕ್ಕೆ, ಹೊಗೆ ನೇರವಾಗಿ ಬಡಿಯದಂತೆ ಫೋನ್ ಹಿಡಿದು ಅರ್ಧ ನಿಮಿಷ ಸದ್ದು ರೆಕಾರ್ಡ್ ಮಾಡಿ, ಅದನ್ನು ಕಂಪ್ಯೂಟರಿನಲ್ಲಿ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದರೆ ಪ್ರತಿ ಬಡಿತವೂ ಬಾಚಣಿಗೆಯ ಹಲ್ಲಿನಂತೆ ಎದ್ದು ಕಾಣುತ್ತದೆ. ಸರಿಯಾಗಿ ಹತ್ತು ಸೆಕೆಂಡಿನ ತುಂಡು ಆರಿಸಿ ಹಲ್ಲುಗಳನ್ನು ಎಣಿಸಿ, ಹನ್ನೆರಡರಿಂದ ಗುಣಿಸಿದರೆ ನಿಮಿಷದ ಸುತ್ತು ಸಿಗುತ್ತದೆ. 117 ಹಲ್ಲು ಬಂದರೆ 1404. ಎಣಿಕೆಯಲ್ಲಿ ಒಂದು ತಪ್ಪಿದರೂ ವ್ಯತ್ಯಾಸ ಹನ್ನೆರಡು ಸುತ್ತು ಮಾತ್ರ. ಇಲ್ಲಿ ಊಹೆಗೆ ಜಾಗವೇ ಇಲ್ಲ, ಗಡಿಯಾರ ಮತ್ತು ಎಣಿಕೆ ಅಷ್ಟೇ. ಹಾಗಾಗಿ ಉಳಿದ ಎಲ್ಲವನ್ನೂ ಇದರ ಪಕ್ಕದಲ್ಲಿಟ್ಟು ನೋಡಿದೆ. ಒಂದು ಲಾಭವನ್ನಂತೂ ನಾನು ನಿರೀಕ್ಷಿಸಿರಲಿಲ್ಲ. ಸ್ಲೋ ಕಡಿಮೆಯಿದ್ದ ದಿನದ ರೆಕಾರ್ಡಿಂಗಿನಲ್ಲಿ ಏಳೆಂಟು ಹಲ್ಲಿಗೊಮ್ಮೆ ಒಂದು ಮೋಟು ಹಲ್ಲು, ಅದರ ಹಿಂದೆಯೇ ಸ್ವಲ್ಪ ಅಗಲವಾದ ಸಂದು ಕಾಣುತ್ತಿತ್ತು. ಆ ಬಡಿತದಲ್ಲಿ ಪೆಟ್ರೋಲ್ ಸರಿಯಾಗಿ ಉರಿದಿರಲಿಲ್ಲ. ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡಿದರೆ ತುದಿ ಮಸಿ ಹಿಡಿದು ಕಪ್ಪಾಗಿತ್ತು. ಇದರ ಕೊರತೆಯೂ ಚಿಕ್ಕದಲ್ಲ: ಸ್ಕ್ರೂವನ್ನು ಒಮ್ಮೆ ತಿರುಗಿಸಿದರೆ ಫಲ ತಿಳಿಯಲು ರೆಕಾರ್ಡ್ ಮಾಡಿ, ಒಳಗೆ ಹೋಗಿ, ಎಣಿಸಿ ಬರುವಷ್ಟರಲ್ಲಿ ಐದು ನಿಮಿಷ ಕಳೆದಿರುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ ಅಷ್ಟು ಹೊತ್ತು ನಿಂತಲ್ಲೇ ಓಡಿದರೆ ಅತಿಯಾಗಿ ಕಾದು, ಅಳೆಯಬೇಕಾದ ಸ್ಲೋ ತಾನೇ ಬದಲಾಗತೊಡಗುತ್ತದೆ; ಆಫ್ ಮಾಡಿದರೆ ತಣಿಯುತ್ತದೆ.

ಬೆಳಕು ಬಿಟ್ಟು ಸುತ್ತು ಎಣಿಸುವ ಲೇಸರ್ ಟ್ಯಾಕೋಮೀಟರನ್ನೂ ಪರಿಚಯದವರಿಂದ ಕೇಳಿ ತಂದಿದ್ದೆ. ಹೊಳೆಯುವ ಪಟ್ಟಿ ಅಂಟಿಸಲು ತಿರುಗುವ ಭಾಗವೊಂದು ಹೊರಗೆ ಕಾಣಬೇಕು. ಸ್ಪ್ಲೆಂಡರಿನಲ್ಲಿ ಎಲ್ಲವೂ ಕವರಿನ ಒಳಗಿದೆ. ಅಲ್ಲಿಗೇ ಬಿಟ್ಟೆ.

ಇನ್ನು ಉಳಿದದ್ದು ಪ್ಲಗ್ಗಿನ ವೈರಿಗೆ ಸುತ್ತುವ ತಂತಿಯಿರುವ ಪುಟ್ಟ ಡಿಜಿಟಲ್ ಮೀಟರ್. ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಅದರ ತಂತಿಯನ್ನು ಪ್ಲಗ್ ವೈರಿಗೆ ನಾಲ್ಕೈದು ಸುತ್ತು ಸುತ್ತಿ, ಇನ್ನೊಂದು ತುದಿಯನ್ನು ಫ್ರೇಮಿನ ಬೋಲ್ಟಿಗೆ ಅರ್ತ್ ಮಾಡಿದರೆ, ಕಿಡಿ ಹಾರಿದಾಗಲೆಲ್ಲ ಅದು ಎಣಿಸುತ್ತದೆ. ಗಾಡಿ ಸ್ಟಾರ್ಟ್ ಮಾಡಿದೊಡನೆ ಅದು ತೋರಿಸಿದ್ದು 2810! ಮೀಟರ್ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿದ್ದು ನನ್ನ ಲೆಕ್ಕ. ಫೋರ್ ಸ್ಟ್ರೋಕ್ ಎಂದರೆ ಎರಡು ಸುತ್ತಿಗೊಂದು ಕಿಡಿ ಎಂದು ತಿಳಿದು ಮೀಟರನ್ನು ಹಾಗೆಯೇ ಹೊಂದಿಸಿದ್ದೆ. ಈ ಎಂಜಿನಿನಲ್ಲಿ ಕಿಡಿಯ ಸೂಚನೆ ಬರುವುದು ಎಂಜಿನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಜೊತೆ ತಿರುಗುವ ಮ್ಯಾಗ್ನೆಟೋದಿಂದ, ಹಾಗಾಗಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ. ಹೊಗೆ ಹೊರಹೋಗುವ ಹೊತ್ತಿನಲ್ಲಿ ಹಾರುವ ಕಿಡಿಗೆ ಕೆಲಸವಿಲ್ಲ, ಅಷ್ಟೇ. ಸೆಟ್ಟಿಂಗನ್ನು ‘1ಪಿ1ಆರ್’ಗೆ, ಅಂದರೆ ಸುತ್ತಿಗೊಂದು ಕಿಡಿ ಎಂಬಲ್ಲಿಗೆ ತಂದಾಗ 1405ರ ಆಸುಪಾಸು ನಿಂತಿತು. ಅದೇ ಹೊತ್ತಿನ ರೆಕಾರ್ಡಿಂಗಿನಲ್ಲಿ 117 ಹಲ್ಲುಗಳಿದ್ದವು. ಎರಡೂ ಹೀಗೆ ಕೂಡಿಬಂದ ಮೇಲೆ ನನಗೆ ಬೇರೆ ಸಾಕ್ಷಿ ಬೇಕೆನಿಸಲಿಲ್ಲ.

ಹೊಂದಿಸುವ ಕೆಲಸದಲ್ಲಿ ಈ ಮೀಟರಿಗೆ ಸಾಟಿಯಿಲ್ಲ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನಿಗೆ ಕೊಡುವ ಕಾರ್ಬ್ಯುರೇಟರಿನಲ್ಲಿ ಎರಡು ಸ್ಕ್ರೂಗಳಿವೆ. ಸ್ಲೋ ಸ್ಕ್ರೂ ಸುತ್ತನ್ನು ನೇರವಾಗಿ ಏರಿಸಿ ಇಳಿಸುತ್ತದೆ. ಇನ್ನೊಂದು ಗಾಳಿ–ಪೆಟ್ರೋಲ್ ಹದ ನೋಡಿಕೊಳ್ಳುತ್ತದೆ. ಎರಡನೆಯದನ್ನು ಮುಟ್ಟುವ ಮೊದಲು, ಎಂಜಿನ್ ಆಫ್ ಮಾಡಿ, ಅದು ಒಳಗೆ ಮೆಲ್ಲಗೆ ತಾಗುವವರೆಗೆ ಎಷ್ಟು ಸುತ್ತು ಹೋಗುತ್ತದೆಂದು ಎಣಿಸಿ ಬರೆದಿಟ್ಟುಕೊಂಡು, ಮತ್ತೆ ಅಷ್ಟೇ ಬಿಚ್ಚಬೇಕು. ಬಿಗಿ ಮಾಡಿದರೆ ಅದರ ಚೂಪು ತುದಿ ಹಾಳಾಗುತ್ತದೆ. ಆಮೇಲೆ ಎಂಜಿನ್ ಓಡುತ್ತಿರುವಾಗ ಅದನ್ನು ಸ್ವಲ್ಪ ಸ್ವಲ್ಪವಾಗಿ ಎರಡೂ ಕಡೆಗೆ ತಿರುಗಿಸಿ, ಸುತ್ತು ಅತಿ ಹೆಚ್ಚಾಗುವ ಜಾಗ ಹುಡುಕಬೇಕು. ಅಲ್ಲಿ ನಿಲ್ಲಿಸಿ, ಸ್ಲೋ ಸ್ಕ್ರೂವಿನಿಂದ 1400ಕ್ಕೆ ಇಳಿಸಬೇಕು. ಇನ್ನೊಮ್ಮೆ ಇದನ್ನೇ ಮಾಡಬೇಕು. ನನ್ನ ಗಾಡಿಯಲ್ಲಿ ಆ ಏರಿಕೆ ನಲವತ್ತು ಸುತ್ತಿನಷ್ಟು ಮಾತ್ರ. ಅಷ್ಟು ಸಣ್ಣ ಏರಿಕೆ ನನ್ನ ಕಿವಿಗೆ ಒಮ್ಮೆಯೂ ತಿಳಿದಿರಲಿಲ್ಲ, ಮೀಟರಿನಲ್ಲಿ ಕಣ್ಣಿಗೆ ಕಂಡಿತು, ಎಲ್ಲವೂ ನಾಲ್ಕು ನಿಮಿಷದಲ್ಲಿ ಮುಗಿಯಿತು. ಮೀಟರಿನಲ್ಲಿ ಕಾಣದಿರುವುದು ಒಂದೇ: ಅದು ಕಿಡಿ ಎಣಿಸುತ್ತದೆಯೇ ಹೊರತು ಆ ಕಿಡಿಯಿಂದ ಪೆಟ್ರೋಲ್ ಉರಿಯಿತೇ ಎಂದು ಹೇಳುವುದಿಲ್ಲ. ಆದ್ದರಿಂದ ಹೊಂದಿಸಲು ಮೀಟರ್, ಮುಗಿದ ಮೇಲೆ ಒಂದು ರೆಕಾರ್ಡಿಂಗ್ ಎಂದು ನಾನು ರೂಢಿ ಮಾಡಿಕೊಂಡಿದ್ದೇನೆ. ಹಣ ಹಾಕಲು ಮನಸ್ಸಿಲ್ಲದವರಿಗೆ, ತಾಳ್ಮೆಯಿದ್ದರೆ, ರೆಕಾರ್ಡಿಂಗ್ ಒಂದೇ ಸಾಕು.

ಇದೆಲ್ಲ ಕಾರ್ಬ್ಯುರೇಟರ್ ಗಾಡಿಗಳ ಮಾತು. 2020ರ ಏಪ್ರಿಲ್‌ನಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂದ ಮೇಲೆ ಹೆಚ್ಚಿನ ಗಾಡಿಗಳು ಫ್ಯೂಯೆಲ್ ಇಂಜೆಕ್ಷನ್ನಿಗೆ ಬದಲಾದವು. ಅವುಗಳಲ್ಲಿ ಸ್ಲೋ ನೋಡಿಕೊಳ್ಳುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್, ಅದು ತಪ್ಪಿದರೆ ಹುಡುಕಬೇಕಾದದ್ದು ದೋಷವನ್ನು, ಸ್ಕ್ರೂವನ್ನಲ್ಲ.

ಹಾಸನದಲ್ಲಿ 117ಕ್ಕೆ ಹೊಂದಿಸಿದ ಗಾಡಿಯಲ್ಲಿ ಕಳೆದ ತಿಂಗಳು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿದ್ದೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಮಂಗಳೂರಿನ ಗಾಳಿ ಅದಕ್ಕಿಂತ ದಟ್ಟ. ಅಲ್ಲಿ ರೆಕಾರ್ಡ್ ಮಾಡಿ ಎಣಿಸಿದಾಗ 121 ಬಂತು, ಅಂದರೆ 1452. ಮಿತಿಯೊಳಗೇ ಇದ್ದುದರಿಂದ ಸ್ಕ್ರೂ ಮುಟ್ಟಲಿಲ್ಲ. ಊರಿಗೆ ಮರಳಿದ ಮರುದಿನ ಬೆಳಿಗ್ಗೆ, ಎಂಜಿನ್ ಬಿಸಿ ಮಾಡಿ ಎಣಿಸಿದರೆ ಮತ್ತೆ 117.