ಮೂರು ಮಳೆಗಾಲ ಕಂಡ ಪ್ಯಾಲೆಟ್ ಲೈನ್ ಶೆಡ್ಯೂಲರ್: ಶಿವಮೊಗ್ಗ ಬಳಿಯ ಮಾಚೇನಹಳ್ಳಿಯಿಂದ ಬಳಕೆದಾರರ ವಿಮರ್ಶೆ

ರೇಟಿಂಗ್: 5ಕ್ಕೆ 3.5. ಕಳೆದ ಒಂದೂವರೆ ಅಂಕದಲ್ಲಿ ಒಂದು ಅಂಕ ಅಳವಡಿಸಿಕೊಟ್ಟವರ ಲೆಕ್ಕಕ್ಕೆ, ಅರ್ಧ ಮಾತ್ರ ಸಾಫ್ಟ್‌ವೇರಿನದು.

ಲೈನ್ ಹೀಗಿದೆ: 3 ಹಾರಿಜಾಂಟಲ್ ಮಷಿನಿಂಗ್ ಸೆಂಟರ್ (ಲೋಹ ಕೊರೆಯುವ ಕಂಪ್ಯೂಟರ್ ಮಷೀನ್), 24 ಪ್ಯಾಲೆಟ್ (ಪಾರ್ಟ್ ಬಿಗಿದು ಮಷೀನಿಗೆ ಕಳಿಸುವ ಹಲಗೆ), ಅವನ್ನು ಗೂಡಿನಿಂದ ಮಷೀನಿಗೆ ಸಾಗಿಸುವ ಒಂದು ಸ್ಟ್ಯಾಕರ್ ಕ್ರೇನ್, ಪಾರ್ಟ್ ಏರಿಸಿ ಇಳಿಸುವ 2 ಲೋಡಿಂಗ್ ಸ್ಟೇಷನ್. ಹಗಲು ಎರಡು ಶಿಫ್ಟ್, ರಾತ್ರಿ ಆಳಿಲ್ಲದೆ ಓಡಬೇಕು. ಸುತ್ತಮುತ್ತಲ ಫೌಂಡ್ರಿಗಳಿಂದ ಬರುವ ಎಸ್‌ಜಿ ಐರನ್ (ಒಂದು ಬಗೆಯ ಎರಕದ ಕಬ್ಬಿಣ) ಹೌಸಿಂಗ್, ಬ್ರಾಕೆಟ್‌ಗಳೇ ಕೆಲಸ. 20ರಷ್ಟು ಪಾರ್ಟ್ ನಂಬರ್, ಲಾಟ್ ಒಂದಕ್ಕೆ 30ರಿಂದ 150. ಯಾವ ಪ್ಯಾಲೆಟ್ ಯಾವ ಮಷೀನಿಗೆ, ಯಾವಾಗ ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವ ಸಾಫ್ಟ್‌ವೇರ್ ಈ ಶೆಡ್ಯೂಲರ್.

ಡೆಮೋದಲ್ಲಿ ತೋರಿಸುವ ಚಾರ್ಟಿನಲ್ಲಿ ಮಷೀನುಗಳೆಲ್ಲ ಒತ್ತೊತ್ತಾಗಿ ತುಂಬಿರುತ್ತವೆ. ನಿಜವಾಗಿ ಕೆಲಸ ಕಟ್ಟಿಕೊಳ್ಳುವುದು ಮಷೀನಿನಲ್ಲಲ್ಲ, ಲೋಡಿಂಗ್ ಸ್ಟೇಷನ್ನಿನಲ್ಲಿ. ಸೈಕಲ್ (ಒಂದು ಪ್ಯಾಲೆಟ್ ಮಷೀನಿನಲ್ಲಿ ಕಳೆಯುವ ಹೊತ್ತು) 14 ನಿಮಿಷ ಎಂದುಕೊಳ್ಳಿ. ಮೂರು ಮಷೀನ್ ಸೇರಿ 4.7 ನಿಮಿಷಕ್ಕೊಂದು ಪ್ಯಾಲೆಟ್ ಕೇಳುತ್ತವೆ. ಚಿಪ್ಸ್ ಊದಿ, ಮುಗಿದ ಪಾರ್ಟ್ ಇಳಿಸಿ, ಹೊಸ ಕಾಸ್ಟಿಂಗ್ ಕೂರಿಸಿ, ಕ್ಲಾಂಪ್‌ಗೆ ಟಾರ್ಕ್ ಕೊಡಲು 9 ನಿಮಿಷ; ಎರಡು ಸ್ಟೇಷನ್ ಸೇರಿ 4.5 ನಿಮಿಷಕ್ಕೊಂದು. ಕೂದಲೆಳೆಯ ಅಂತರ. ಒಬ್ಬರು ಚಹಾಕ್ಕೆ ಹೋದರೆ ಅದು 9 ನಿಮಿಷಕ್ಕೊಂದಾಗುತ್ತದೆ, ಆಮೇಲೆ ಗೂಡಿನಲ್ಲಿ ಮೊದಲೇ ತುಂಬಿಟ್ಟ ಪ್ಯಾಲೆಟ್‌ಗಳನ್ನು ತಿಂದುಕೊಂಡು ಲೈನ್ ಓಡಬೇಕು.

ಡಿಫಾಲ್ಟ್ ನಿಯಮ 'ಚಿಕ್ಕ ಕೆಲಸ ಮೊದಲು'. ಒಂದೇ ಮಷೀನಿದ್ದರೆ ಸರಾಸರಿ ಕಾಯುವ ಹೊತ್ತನ್ನು ಇದು ಕಡಿಮೆ ಮಾಡುತ್ತದೆ, ತಕರಾರಿಲ್ಲ. ಇಲ್ಲಿ ಮಾತ್ರ 6 ನಿಮಿಷದ ಪಾರ್ಟ್‌ಗಳೆಲ್ಲ ಒಟ್ಟಿಗೆ ಬಂದು ಮಷೀನುಗಳು 2 ನಿಮಿಷಕ್ಕೊಂದು ಪ್ಯಾಲೆಟ್‌ಗೆ ಬಾಯಿ ತೆರೆದು ಕೂರುತ್ತವೆ. ಲೋಡಿಂಗ್ 4.5 ನಿಮಿಷದ್ದೇ. ಅರ್ಧಕ್ಕಿಂತ ಹೆಚ್ಚು ಹೊತ್ತು ಸ್ಪಿಂಡಲ್ (ಟೂಲ್ ತಿರುಗಿಸುವ ಭಾಗ) ಸುಮ್ಮನಿರುತ್ತದೆ, ಲೋಡಿಂಗಿನವರಿಗೆ ಮಾತ್ರ ಬೆವರು. ಲೋಡಿಂಗ್ ಸ್ಟೇಷನ್ನನ್ನೂ ಒಂದು ಮಷೀನ್ ಎಂದು ಸಾಫ್ಟ್‌ವೇರಿನಲ್ಲಿ ನಮೂದಿಸಬೇಕು. ಆ ಸೌಲಭ್ಯ ಇದೆ, ಆದರೆ ಆಫ್ ಆಗಿಯೇ ಬರುತ್ತದೆ.

ರಾತ್ರಿಯ ಲೆಕ್ಕವೂ ಇದಕ್ಕೇ ಅಂಟಿಕೊಂಡದ್ದು. ತುಂಬಿಟ್ಟ 21 ಪ್ಯಾಲೆಟ್‌ಗಳಲ್ಲೂ 14 ನಿಮಿಷದ ಪಾರ್ಟ್ ಇದ್ದರೆ ಮಷೀನಿಗೆ 7ರಂತೆ 98 ನಿಮಿಷದಲ್ಲಿ ಎಲ್ಲ ಖಾಲಿ. 40 ನಿಮಿಷದ ಪಾರ್ಟ್ ಆದರೆ 4 ಗಂಟೆ 40 ನಿಮಿಷ. ಆ ಪಾರ್ಟಿಗೆ 8 ಫಿಕ್ಸ್ಚರ್ (ಪ್ಯಾಲೆಟ್ ಮೇಲೆ ಪಾರ್ಟ್ ಹಿಡಿದಿಡುವ ಚೌಕಟ್ಟು) ಮಾತ್ರ ಇದ್ದು ಉಳಿದ 13ರಲ್ಲಿ 14 ನಿಮಿಷದ್ದು ಹಾಕಿದರೆ ಸುಮಾರು 2 ಗಂಟೆ 47 ನಿಮಿಷ. ಅಂದರೆ ರಾತ್ರಿ ಓಟದ ಗಡಿ ಫಿಕ್ಸ್ಚರ್ ಎಣಿಕೆ. ಲೈಸೆನ್ಸ್‌ಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಫಿಕ್ಸ್ಚರಿಗೆ ಎತ್ತಿಡಿ. ಸಂಜೆ 6ರಿಂದ ಉದ್ದ ಸೈಕಲ್ಲಿನ ಪ್ಯಾಲೆಟ್‌ಗಳನ್ನು ಮಷೀನಿಗೆ ಕಳಿಸದೆ ಕೂಡಿಡು ಎಂದು ಹೇಳುವ ಸೆಟ್ಟಿಂಗ್ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು 'ರಿಯಲ್ ಟೈಮ್' ಎಂಬ ಹೆಗ್ಗಳಿಕೆ. ಏನೇ ಆದರೂ ಇಡೀ ಸರದಿಯನ್ನು ಮರುಲೆಕ್ಕ ಹಾಕುತ್ತದೆ: ಬಾಗಿಲು ತೆರೆದರೂ, ಫೀಡ್ ಓವರ್‌ರೈಡ್ (ಟೂಲ್ ಸಾಗುವ ವೇಗದ ಗುಬುಟು) ಇಳಿಸಿದರೂ. ಅರ್ಧ ಕ್ಲಾಂಪ್ ಬಿಗಿದ ಮೇಲೆ ಸ್ಕ್ರೀನಿನಲ್ಲಿ ಬೇರೆ ಪಾರ್ಟ್ ನಂಬರ್ ಬಂದರೆ ಆಪರೇಟರ್ ಸ್ಕ್ರೀನ್ ನೋಡುವುದನ್ನೇ ಬಿಡುತ್ತಾನೆ. ಮುಂದಿನ 45 ನಿಮಿಷದ ಸರದಿಯನ್ನು ಮುಟ್ಟದಂತೆ ಬೀಗ ಹಾಕಿ. ಮರುಲೆಕ್ಕಕ್ಕೆ ನಾಲ್ಕೇ ಕಾರಣ ಉಳಿಸಿ: 10 ನಿಮಿಷ ಮೀರಿದ ಅಲಾರಂ, ಬದಲಿ ಇಲ್ಲದ ಟೂಲ್, ಕಾಸ್ಟಿಂಗ್ ರಿಜೆಕ್ಟ್, ತುರ್ತು ಆರ್ಡರ್. ಮೂರನೆಯದು ಮಳೆಗಾಲದಲ್ಲಿ ಮುಖ್ಯ. ಅಚ್ಚಿನೊಳಗಿನ ಮರಳಿನ ಕೋರ್ ತೇವ ಹೀರಿ ಗ್ಯಾಸ್ ತೂತು ಬಿದ್ದ ಕಾಸ್ಟಿಂಗ್ ಮೊದಲ ಆಪರೇಷನ್ ಮುಗಿದ ಮೇಲೇ ಗೊತ್ತಾಗುವುದು, ಆಗ ಎರಡನೇ ಆಪರೇಷನ್ನಿಗೆ ಕಾದಿಟ್ಟ ಜಾಗ ಸುಮ್ಮನೆ ಬಿದ್ದಿರುತ್ತದೆ.

ಕ್ಯಾಲೆಂಡರ್ ತುಂಬದಿದ್ದರೆ ಸಾಫ್ಟ್‌ವೇರ್ ದಿನಕ್ಕೆ 24 ಗಂಟೆ ಎಂದೇ ನಂಬುತ್ತದೆ. ಗಡುವಿಗೆ 3 ದಿನ, ಬಾಕಿ ಕೆಲಸ 60 ಗಂಟೆ ಇದ್ದರೆ ಕ್ರಿಟಿಕಲ್ ರೇಷಿಯೋ (ಉಳಿದ ಹೊತ್ತು ಭಾಗಿಸು ಬಾಕಿ ಕೆಲಸ) 72 ಭಾಗಿಸು 60, ಅಂದರೆ 1.2, ಹಸಿರು ದೀಪ. ಆ ಕೆಲಸಕ್ಕೆ ಆಳು ಇರುವ 16 ಗಂಟೆಯನ್ನೇ ಹಿಡಿದರೆ 48 ಭಾಗಿಸು 60, ಅಂದರೆ 0.8, ಆಗಲೇ ತಡವಾಗಿದೆ. ಆಳು ಕಡಿಮೆಯಾಗುವ ಸಾಗರದ ಮಾರಿಜಾತ್ರೆ, ಅಡಿಕೆ ಕೊನೆಕೊಯ್ಲಿನ ವಾರಗಳು ಯಾವ ಸಾಫ್ಟ್‌ವೇರಿನಲ್ಲೂ ಇರುವುದಿಲ್ಲ. ಆ ದಿನಗಳಿಗೆ ಒಂದೇ ಲೋಡಿಂಗ್ ಸ್ಟೇಷನ್ ಎಂದು ಕೈಯಾರೆ ತುಂಬಿ.

ಟೂಲ್ ವಿಷಯದಲ್ಲಿ ಒಂದು ಎಡವಟ್ಟು ಇದೆ. ಪ್ಯಾಲೆಟ್ ಕಳಿಸುವಾಗ ಟೂಲಿನ ಆಯುಷ್ಯ ಸೊನ್ನೆಯಾಗಿಲ್ಲವೇ ಎಂದಷ್ಟೇ ನೋಡುತ್ತದೆ. ಡ್ರಿಲ್ಲಿಗೆ 4 ನಿಮಿಷ ಬಾಕಿ, ಪಾರ್ಟಿಗೆ 6 ನಿಮಿಷ ಬೇಕು ಎಂದಾದರೂ ಕಳಿಸಿಬಿಡುತ್ತದೆ. ರಾತ್ರಿ 1 ಗಂಟೆಗೆ ಅರ್ಧ ಕೊರೆದ ಹೌಸಿಂಗ್ ಒಳಗಿಟ್ಟುಕೊಂಡು ಮಷೀನ್ ನಿಲ್ಲುತ್ತದೆ. 'ಬೇಕಾದಷ್ಟು ಬಾಕಿ ಇದ್ದರೆ ಮಾತ್ರ' ಎಂಬ ಆಯ್ಕೆ ಹಾಕಿ. ಆಫ್‌ಸೆಟ್ (ಉದ್ದ, ವ್ಯಾಸದ ಅಳತೆ) ಅಳೆಯದ ಬದಲಿ ಟೂಲನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ, ಅದಕ್ಕೆ ಮಷೀನಿನ ಟೂಲ್ ಮ್ಯಾಗಜಿನ್ನಿಗೆ ಹಾಕುವ ಮೊದಲೇ ಅಳೆದು ಪ್ರೀಸೆಟ್ ಮಾಡಿ.

ಅಳವಡಿಸಿದವರ ಮೇಲಿನ ಸಿಟ್ಟಿಗೆ ಕಾರಣ ಕರೆಂಟ್. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಕ್ಷಣಕಾಲ ವೋಲ್ಟೇಜ್ ಕುಸಿದರೂ ಮೋಟಾರ್ ಓಡಿಸುವ ಡ್ರೈವ್‌ಗಳು ಟ್ರಿಪ್. ಮಷೀನಿನಲ್ಲಿರುವ ಪ್ಯಾಲೆಟ್ ನಂಬರನ್ನು ಅವರು ಮಷೀನ್ ನಡೆಸುವ ಫ್ಯಾನುಕ್ ಕಂಟ್ರೋಲಿನಲ್ಲಿ ಅಂಕಿ ನೆನಪಿಡುವ 100ರ ಸಾಲಿನ ಮ್ಯಾಕ್ರೋ ವೇರಿಯಬಲ್‌ನಲ್ಲಿ ಬರೆದಿದ್ದರು. ಕಂಟ್ರೋಲ್ ಆಫ್ ಆದರೆ ಅದು ಅಳಿಸಿಹೋಗುತ್ತದೆ. 500ರ ಸಾಲಿನವು ಉಳಿಯುತ್ತವೆ. ಪ್ರಾಕ್ಸಿಮಿಟಿ ಸೆನ್ಸರ್ ಪ್ಯಾಲೆಟ್ 'ಇದೆ' ಎನ್ನುತ್ತದೆಯೇ ಹೊರತು 'ಯಾವುದು' ಎನ್ನುವುದಿಲ್ಲ. ತಪ್ಪು ಪ್ಯಾಲೆಟ್‌ಗೆ ತಪ್ಪು ಪ್ರೋಗ್ರಾಂ ಓಡಿದರೆ ಟೂಲ್ ಹೋಗಿ ಫಿಕ್ಸ್ಚರಿಗೆ ಬಡಿಯುತ್ತದೆ. ವೇರಿಯಬಲ್ ಬದಲಿಸಿ, ಪ್ಯಾಲೆಟ್‌ಗೆ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೋದಿಂದ ಓದುವ ಗುರುತುಬಿಲ್ಲೆ) ಹಾಕಿಸಿ. ಸರ್ವರಿಗೆ ಯುಪಿಎಸ್ ಕೊಟ್ಟು ನೆಟ್‌ವರ್ಕ್ ಸ್ವಿಚ್ಚಿಗೆ ಕೊಡದೆ ಬಿಡುವುದು ಇನ್ನೊಂದು ಮಾಮೂಲಿ ತಪ್ಪು.

ಮಷೀನ್ ನಿಂತ ಕಾರಣ ಆರಿಸಲು 38 ಕೋಡ್ ಕೊಟ್ಟಿದ್ದರು, ಎಲ್ಲರೂ ಒತ್ತುತ್ತಿದ್ದುದು 'ಇತರೆ'. ಏಳಕ್ಕೆ ಇಳಿಸಿ ಕನ್ನಡದಲ್ಲಿ ಬರೆಸಿದ ಮೇಲೆ ಮಾಹಿತಿ ನಂಬುವಂತಾಯಿತು. ಸ್ಕ್ರೀನಿನ ಹಳೇ ಫಾಂಟ್‌ನಲ್ಲಿ ಒತ್ತಕ್ಷರ ಒಡೆಯುತ್ತದೆ, ಹಾಗಾಗಿ ಒತ್ತಿಲ್ಲದ ಪದಗಳೇ ಆಗಬೇಕು: 'ಟೂಲ್ ಮುರಿದಿದೆ', 'ತೂತಿನ ಮಾಲು', 'ಆಳು ಇಲ'. ಕೊನೆಯದರ ಕಾಗುಣಿತ ಯಾರೂ ಕೇಳಿಲ್ಲ.

ಮೂರು ನಾಲ್ಕೇ ಪಾರ್ಟ್ ಓಡಿಸುವವರಿಗೆ ಇದು ದಂಡ, ವೈಟ್‌ಬೋರ್ಡ್ ಸಾಕು. 15 ದಾಟಿದರೆ ಕೊಳ್ಳಿ. ಆರ್ಡರಿನಲ್ಲೇ ಒಂದು ಷರತ್ತು ಬರೆಸಿ: ಲೈನ್ ಓಡುತ್ತಿರುವಾಗ ಮೇನ್ ಸ್ವಿಚ್ ಇಳಿಸಿ ಮತ್ತೆ ಏರಿಸಿದರೆ, ಕ್ರೇನಿನ ಮೇಲಿರುವುದೂ ಸೇರಿ 24 ಪ್ಯಾಲೆಟ್‌ಗಳೂ ಸ್ಕ್ರೀನಿನಲ್ಲಿ ಸರಿಯಾದ ಜಾಗದಲ್ಲೇ ಕಾಣಬೇಕು. ಕೊನೆಯ ಕಂತು ಅದಾದ ಮೇಲೆ.