ಇಂಗ್ಲೆಂಡಿನಲ್ಲಿ ಗ್ಯಾಸ್-ಕರೆಂಟ್ ಕಂಪನಿ ಬದಲಿಸುವವರೇ, ಮೊದಲು ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ

ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ, ಅದರಲ್ಲೂ ಚಳಿ ಶುರುವಾಗುವ ಮುಂಚೆ ಕರೆಂಟ್-ಗ್ಯಾಸ್ ಕಂಪನಿ ಬದಲಿಸೋಣ ಅಂದುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಸ್ಮಾರ್ಟ್ ಮೀಟರ್ ಇದೆ, ಲೆಕ್ಕ ಎಲ್ಲ ತಾನಾಗೇ ಹೋಗುತ್ತದೆ ಎಂದು ದಯವಿಟ್ಟು ಸುಮ್ಮನೆ ಕೂರಬೇಡಿ. ನಾವು ಹಾಗೆ ಕೂತು ಐದು ತಿಂಗಳು ಒದ್ದಾಡಿದೆವು.

ನಾವಿರುವುದು ಮಿಲ್ಟನ್ ಕೀನ್ಸ್‌ನಲ್ಲಿ. 2024ರ ಅಕ್ಟೋಬರ್ 14, ಸೋಮವಾರ ನಮ್ಮ ಮನೆಯ ಕರೆಂಟ್ ಮತ್ತು ಗ್ಯಾಸ್ ಎರಡೂ ಹೊಸ ಕಂಪನಿಗೆ ಬದಲಾದವು. ಯೂನಿಟ್ಟಿಗೆ ಒಂದೂವರೆ ಪೆನ್ಸ್ ಕಡಿಮೆ, ಒಂದು ವರ್ಷ ದರ ಏರುವುದಿಲ್ಲ, ಅಷ್ಟೇ ಆಸೆ. ಬದಲಿಸುವುದೇನೂ ಕಷ್ಟವಲ್ಲ. ಐದು ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಹೊಸ ಕಂಪನಿಯಿಂದ ಮೇಲ್ ಬಂತು: ನಿಮ್ಮದು ಸ್ಮಾರ್ಟ್ ಮೀಟರ್, ನೀವು ಏನೂ ಮಾಡಬೇಕಾಗಿಲ್ಲ. ನಾನು ನಂಬಿದೆ. ಬದಲಾದ ದಿನ ಮೀಟರಿನ ಹತ್ತಿರಕ್ಕೂ ಹೋಗಲಿಲ್ಲ.

ಅಡುಗೆಮನೆಯಲ್ಲಿ ಒಂದು ಪುಟ್ಟ ಡಿಸ್‌ಪ್ಲೇ ಇರುತ್ತದಲ್ವಾ, ಎಷ್ಟು ಕರೆಂಟ್ ಹೋಗುತ್ತಿದೆ ಎಂದು ತೋರಿಸುವುದು, ನಮ್ಮದು ಎಂದಿನಂತೆ ಓಡುತ್ತಲೇ ಇತ್ತು. ಕುಕ್ಕರ್ ಇಟ್ಟರೆ ಏರುತ್ತಿತ್ತು, ಆರಿಸಿದರೆ ಇಳಿಯುತ್ತಿತ್ತು. ಹಾಗಾಗಿ ಎಲ್ಲ ಸರಿಯಿದೆ ಎಂದುಕೊಂಡೆವು. ನಾವು ಮೋಸ ಹೋಗಿದ್ದೇ ಇಲ್ಲಿ. ಆ ಡಿಸ್‌ಪ್ಲೇ ಮಾತಾಡುವುದು ಮನೆಯೊಳಗಿನ ಮೀಟರಿನ ಜೊತೆ ಮಾತ್ರ. ಮೀಟರ್ ಕಂಪನಿಯ ಜೊತೆ ಮಾತಾಡುತ್ತಿದೆಯೋ ಇಲ್ಲವೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಒಂದೇ ಒಂದು ಸುಳಿವು ಇತ್ತು, ಅದನ್ನೂ ನಾವು ನೋಡಲಿಲ್ಲ. ಡಿಸ್‌ಪ್ಲೇಯಲ್ಲಿ ಯೂನಿಟ್ಟಿನ ದರ ನೋಡಿದ್ದರೆ ಇನ್ನೂ ಹಳೇ ಕಂಪನಿಯ ದರವೇ ಇತ್ತು. ಹೊಸ ದರ ಮೀಟರಿಗೆ ಬಂದೇ ಇರಲಿಲ್ಲ. ಕಂಪನಿ ಬದಲಿಸಿದ ಮೂರ್ನಾಲ್ಕು ವಾರದಲ್ಲಿ ನೀವು ಈ ದರ ಒಂದನ್ನು ನೋಡಿ. ಹಳೆಯದೇ ಇದ್ದರೆ ಅಲ್ಲಿ ಏನೋ ಸಿಕ್ಕಿಹಾಕಿಕೊಂಡಿದೆ ಎಂದೇ ತಿಳಿಯಿರಿ.

ನವೆಂಬರಿನಲ್ಲಿ ಮೊದಲ ಬಿಲ್ ಬಂತು. ರೀಡಿಂಗ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಎಸ್ಟಿಮೇಟೆಡ್’ ಅಂತ ಇತ್ತು. ಅಂದರೆ ಅಂದಾಜು. ಫೋನ್ ಮಾಡಿದರೆ, ಹೊಸದಾಗಿ ಬಂದವರಿಗೆ ಹೀಗಾಗುತ್ತದೆ, ಆರು ವಾರ ಕಾಯಿರಿ ಎಂದರು. ಡಿಸೆಂಬರಿನದೂ ಅಂದಾಜು. ಜನವರಿಯದೂ ಅಂದಾಜು. ಪ್ರತಿ ಸಲ ಫೋನಿನಲ್ಲಿ ಬೇರೆ ಬೇರೆಯವರು ಸಿಗುತ್ತಿದ್ದರು, ಪ್ರತಿ ಸಲ ಕತೆ ಮೊದಲಿನಿಂದ ಹೇಳಬೇಕು.

ಆ ವರ್ಷ ನಮ್ಮ ಅಮ್ಮ ತಿಪಟೂರಿನಿಂದ ಬಂದಿದ್ದರು. ಬೇರೆ ವರ್ಷ ಹಗಲು ಹೊತ್ತು ಮನೆ ಖಾಲಿ, ಹೀಟಿಂಗ್ ಆಫ್. ಈ ಸಲ ಬೆಳಗಿನಿಂದ ರಾತ್ರಿವರೆಗೂ ಹೀಟಿಂಗ್. ಕಂಪನಿಯವರ ಅಂದಾಜು ಮಾತ್ರ ಹಿಂದಿನ ವರ್ಷದ ಬಳಕೆಯ ಮೇಲೆ. ಹಾಗಾಗಿ ಬಿಲ್ ಕಡಿಮೆ ಬರುತ್ತಿತ್ತು, ಬಾಕಿ ಒಳಗೊಳಗೇ ಬೆಳೆಯುತ್ತಿತ್ತು. ಕೊನೆಗೆ ಜನವರಿ 19ರಂದು ನಾನೇ ಮೀಟರ್ ನೋಡಿ ಗ್ಯಾಸ್ ರೀಡಿಂಗ್ ಕಳಿಸಿದೆ: 4798. ಅವರ ಅಂದಾಜು 4586ಕ್ಕೆ ನಿಂತಿತ್ತು. 212 ಯೂನಿಟ್ ವ್ಯತ್ಯಾಸ. ಒಂದೇ ಏಟಿಗೆ 143 ಪೌಂಡ್ ಬಾಕಿ ಬಿಲ್, ಜೊತೆಗೆ ತಿಂಗಳ ಡೈರೆಕ್ಟ್ ಡೆಬಿಟ್ (ಬ್ಯಾಂಕ್ ಖಾತೆಯಿಂದ ತಾನಾಗೇ ಹೋಗುವ ಕಂತು) 140ರಿಂದ 205 ಪೌಂಡಿಗೆ ಏರಿತು.

ಉರಿಸಿದ್ದಕ್ಕೆ ದುಡ್ಡು ಕೊಡಲು ನಮಗೇನೂ ಬೇಜಾರಿರಲಿಲ್ಲ. ಆದರೆ ರಾತ್ರಿ ಕೂತು ಎರಡೂ ಕಂಪನಿಯ ಬಿಲ್ ಪಕ್ಕಪಕ್ಕ ಇಟ್ಟು ನೋಡಿದಾಗ ಎದೆ ಧಸಕ್ಕೆಂದಿತು. ಹಳೇ ಕಂಪನಿ ತನ್ನ ಕೊನೆಯ ಬಿಲ್ಲನ್ನು 4318ಕ್ಕೆ ಮುಗಿಸಿತ್ತು. ಹೊಸ ಕಂಪನಿ ಶುರು ಮಾಡಿದ್ದು 4236ರಿಂದ. ಅದೂ ಅಂದಾಜೇ. ನಡುವಿನ 82 ಯೂನಿಟ್ಟಿಗೆ ನಾವು ಎರಡು ಸಲ ದುಡ್ಡು ಕೊಡುತ್ತಿದ್ದೆವು. ಗ್ಯಾಸಿನ ಒಂದು ಯೂನಿಟ್ ಅಂದರೆ ಒಂದು ಘನ ಮೀಟರ್, ಸುಮಾರು 11 ಕಿಲೋವ್ಯಾಟ್ ಅವರ್ ಆಗುತ್ತದೆ. ಬಿಲ್ ಹಾಕುವುದು ಆ ಲೆಕ್ಕದಲ್ಲಿ. ನಮ್ಮ ದರಕ್ಕೆ 82 ಯೂನಿಟ್ ಅಂದರೆ ಹತ್ತಿರಹತ್ತಿರ 55 ಪೌಂಡ್. ಹಳೆಯವರ ಕೊನೆ ರೀಡಿಂಗ್, ಹೊಸಬರ ಮೊದಲ ರೀಡಿಂಗ್ ಎರಡೂ ಒಂದೇ ಇರಬೇಕು. ಬಿಲ್ ಬಂದ ದಿನವೇ ಇದನ್ನು ನೋಡಿ. ನಾನು ನೋಡಿದ್ದು ಮೂರು ತಿಂಗಳು ಆದಮೇಲೆ.

ಹೊಸ ಕಂಪನಿಯವರು, 4318 ಅನ್ನುವುದಕ್ಕೆ ಬದಲಾದ ದಿನದ ಫೋಟೊ ಇದೆಯಾ ಎಂದರು. ನನ್ನ ಹತ್ತಿರ ಇರಲಿಲ್ಲ. ಹಳೇ ಕಂಪನಿಯವರು, ನಮ್ಮ ಲೆಕ್ಕ ಮುಗಿದಿದೆ, ಹೊಸಬರನ್ನೇ ಕೇಳಿ ಎಂದರು. ಫೋನ್ ಇಟ್ಟು ಅಡುಗೆಮನೆಯಲ್ಲಿ ಅಳು ಬರುವಷ್ಟು ಸಿಟ್ಟಾಗಿ ನಿಂತಿದ್ದೆ. ಅಮ್ಮ ಕೇಳಿದರು, ‘ಏನಾಯ್ತೇ ಪುಟ್ಟಿ? ಮೀಟರ್ ನಂಬರ್ ತಾನೇ? ನಾನು ಬರೆದಿಟ್ಟಿದ್ದೀನಲ್ಲ.’

ಅಮ್ಮ ಬರುವಾಗ ಊರಿನಿಂದ ಗೋಡೆ ಕ್ಯಾಲೆಂಡರ್ ತಂದಿದ್ದರು. ಊರಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೇ ಇಲ್ಲಿ ಪ್ರತಿ ಭಾನುವಾರದ ಚೌಕದಲ್ಲಿ ಎರಡು ನಂಬರ್. ಮೇಲೆ ‘ಕ’ ಅಂದರೆ ಕರೆಂಟ್, ಕೆಳಗೆ ‘ಗ್ಯಾ’. ತಾನು ಇರುವುದರಿಂದ ಹೀಟರಿಗೆ ಎಷ್ಟು ಹೆಚ್ಚು ಹೋಗುತ್ತಿದೆ, ಮಗಳು-ಅಳಿಯನಿಗೆ ಎಷ್ಟು ಭಾರ ಆಗುತ್ತಿದೆ ಎಂದು ನೋಡಲು ಬರೆದಿದ್ದರಂತೆ. ನಮಗೆ ಒಂದು ಮಾತೂ ಹೇಳಿರಲಿಲ್ಲ. ನಮ್ಮ ಗ್ಯಾಸ್ ಮೀಟರ್ ಇರುವುದು ಬಾಗಿಲ ಆಚೆ, ಗೋಡೆಯ ಬಿಳಿ ಪೆಟ್ಟಿಗೆಯೊಳಗೆ. ತ್ರಿಕೋನದ ಕೀಲಿ ಹಾಕಿ ತಿರುಗಿಸಬೇಕು, ಬಟನ್ ಒತ್ತಿದರೆ ಮಾತ್ರ ಪರದೆಯಲ್ಲಿ ಅಂಕಿ ಬರುತ್ತದೆ. ಅಮ್ಮನಿಗೆ ಆ ಸಣ್ಣ ಅಂಕಿ ಕಾಣುತ್ತಿರಲಿಲ್ಲ. ಅದಕ್ಕೆ ಫೋನಿನಲ್ಲಿ ಫೋಟೊ ತೆಗೆದು, ಒಳಗೆ ಬಂದು, ದೊಡ್ಡದು ಮಾಡಿ ನೋಡಿ ಬರೆದುಕೊಳ್ಳುತ್ತಿದ್ದರು. ಅಕ್ಟೋಬರ್ 13, ಭಾನುವಾರದ ಚೌಕದಲ್ಲಿ 4316. ಫೋನಿನಲ್ಲಿ ಅದೇ ದಿನದ ಫೋಟೊ, ತಾರೀಖು ಸಮೇತ. ಪೆಟ್ಟಿಗೆಯ ಅಂಚಿನಲ್ಲಿ ಅಮ್ಮನ ಶಾಲಿನ ಚುಂಗೂ ಕಾಣುತ್ತಿತ್ತು.

ಆ ಫೋಟೊ ಮತ್ತು ಹಳೇ ಕಂಪನಿಯ ಕೊನೆ ಬಿಲ್ ಎರಡನ್ನೂ ಸೇರಿಸಿ ಜನವರಿ 22ರಂದು ಮೇಲ್ ಕಳಿಸಿದೆ. ಈ ಸಲ ವಿಚಾರಣೆ ಅಂತ ಬರೆಯಲಿಲ್ಲ. ಮೊದಲ ಸಾಲಿನಲ್ಲೇ ‘ಇದು ಅಧಿಕೃತ ದೂರು’ ಎಂದು ಬರೆದು, ದೂರಿನ ನಂಬರ್ ಕೇಳಿ ಪಡೆದೆ. ಇದು ತುಂಬಾ ಮುಖ್ಯ. ಬ್ರಿಟನ್ನಿನಲ್ಲಿ ದೂರು ಕೊಟ್ಟು 8 ವಾರ ಆದರೂ ಬಗೆಹರಿಯದಿದ್ದರೆ ಎನರ್ಜಿ ಆಂಬುಡ್ಸ್‌ಮನ್ ಹತ್ತಿರ, ಅಂದರೆ ಗ್ರಾಹಕರ ಮತ್ತು ಕಂಪನಿಯ ಜಗಳ ಬಗೆಹರಿಸುವ ಸ್ವತಂತ್ರ ಸಂಸ್ಥೆಯ ಹತ್ತಿರ ಹೋಗಬಹುದು. ನಮಗೆ ಖರ್ಚಿಲ್ಲ. ಅವರ ತೀರ್ಮಾನ ನಾವು ಒಪ್ಪಿಕೊಂಡರೆ ಕಂಪನಿ ಅದನ್ನು ಪಾಲಿಸಲೇಬೇಕು. ಸುಮ್ನೆ ಫೋನ್ ಮಾಡಿ ಕೇಳುತ್ತಾ ಇದ್ದರೆ ಆ 8 ವಾರ ಶುರುವೇ ಆಗದಿರಬಹುದು. ನನ್ನ ಮೂರು ತಿಂಗಳು ಹಾಗೇ ಹೋಯಿತು.

ದೂರು ಎಂದ ಮೇಲೆ ಮೊದಲ ಸಲ ಒಬ್ಬರು ಸರಿಯಾದ ಪ್ರಶ್ನೆ ಕೇಳಿದರು: ಕರೆಂಟ್ ಮೀಟರಿನ ಮೇಲಿನ ಡಬ್ಬಿಯಲ್ಲಿ ಯಾವ ದೀಪ ಹೇಗೆ ಮಿನುಗುತ್ತಿದೆ? ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಬಗ್ಗಿ ನೋಡಿದೆ. ಆ ಡಬ್ಬಿಗೆ ಕಮ್ಯುನಿಕೇಶನ್ಸ್ ಹಬ್ ಅಂತ ಹೆಸರು. ಎಚ್-ಎ-ಎನ್ ಎಂದು ಬರೆದಿದ್ದ ದೀಪ ಐದು ಸೆಕೆಂಡಿಗೊಮ್ಮೆ ನಿಧಾನವಾಗಿ ಮಿನುಗುತ್ತಿತ್ತು. ಅದು ಮನೆಯೊಳಗಿನ ಸಂಪರ್ಕ. ಡಬ್ಲ್ಯೂ-ಎ-ಎನ್ ಎಂದು ಬರೆದಿದ್ದು ಬಿಡುವಿಲ್ಲದೆ ಪಟಪಟ ಮಿನುಗುತ್ತಿತ್ತು. ಅದು ಹೊರಗಿನ ಸಂಪರ್ಕ, ಅದು ಸಿಗದೆ ಹುಡುಕುತ್ತಲೇ ಇತ್ತು.

ಮಾರ್ಚ್ 12ರಂದು ತಂತ್ರಜ್ಞರು ಬಂದರು. ಅವರು ಹೇಳಿದ್ದು ಹೀಗೆ. ಕಂಪನಿ ಬದಲಾದಾಗ ಮೀಟರಿನ ಒಳಗೂ ಒಂದು ಹಸ್ತಾಂತರ ಆಗಬೇಕು. ಮನೆ ಮಾರಿದಾಗ ಬೀಗದ ಕೈ ಕೊಡುವ ಹಾಗೆ, ಹಳೇ ಕಂಪನಿಯ ಗುಪ್ತ ಕೀಲಿ ಹೋಗಿ ಹೊಸ ಕಂಪನಿಯದು ಕೂರಬೇಕು. ಡಿಸಿಸಿ ಎನ್ನುವ ಕೇಂದ್ರ ಜಾಲದ ಮೂಲಕ ಆ ಸಂದೇಶ ಬರುತ್ತದೆ. ನಾವು ಕಂಪನಿ ಬದಲಿಸಿದ ವಾರವೇ ನಮ್ಮ ಹಬ್ ಸಿಗ್ನಲ್ ಕಳೆದುಕೊಂಡಿತ್ತು. ಕೀಲಿಯೂ ಬರಲಿಲ್ಲ, ದರವೂ ಬರಲಿಲ್ಲ, ರೀಡಿಂಗೂ ಹೋಗಲಿಲ್ಲ. ಹಬ್ ಬದಲಿಸಿ, ಗ್ಯಾಸ್ ಮೀಟರನ್ನೂ ಡಿಸ್‌ಪ್ಲೇಯನ್ನೂ ಮತ್ತೆ ಜೋಡಿಸಿದರು. ಒಂದು ಗಂಟೆಯೊಳಗೆ ಮುಗಿಯಿತು. ಅಮ್ಮ ಅಷ್ಟರಲ್ಲಿ ಊರಿಗೆ ಹೊರಟುಹೋಗಿದ್ದರು. ಮಾರ್ಚ್ ಕೊನೆಗೆ ತಿದ್ದಿದ ಬಿಲ್ ಬಂತು, ಶುರುವಿನ ರೀಡಿಂಗ್ 4318 ಎಂದೇ.

ಸ್ಮಾರ್ಟ್ ಮೀಟರಿನ ಜಾಲ ಎಲ್ಲ ಕಡೆ ಒಂದೇ ಅಲ್ಲ. ನಮ್ಮದು ದಕ್ಷಿಣ-ಮಧ್ಯ ಭಾಗದ ವ್ಯವಸ್ಥೆ, ಹಬ್ ಮೊಬೈಲ್ ಸಿಗ್ನಲ್ ಬಳಸುತ್ತದೆ. ಲೀಡ್ಸ್, ಎಡಿನ್‌ಬರಾ ಕಡೆ ಇರುವವರಿಗೆ ಬೇರೆ ರೇಡಿಯೊ ಜಾಲ. ಅಲ್ಲಿ ಫೋನಿನ ಸಿಗ್ನಲ್ ಚೆನ್ನಾಗಿದೆ ಎಂದು ಮೀಟರ್ ಸರಿಯಿದೆ ಅಂದುಕೊಳ್ಳಬೇಡಿ. ನಿಮ್ಮ ಮೀಟರ್ ಸ್ಮಾರ್ಟ್ ಆಗಿ ಕೆಲಸ ಮಾಡುತ್ತಿದೆಯಾ ಎಂದು ಜನರಿಗೆ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ವೆಬ್‌ಸೈಟಿನಲ್ಲಿ ನೋಡಬಹುದು. ಎಲೆಕ್ಟ್ರಿಕ್ ಕಾರ್ ಇರುವವರು ಇನ್ನೂ ಹುಷಾರಾಗಿರಿ. ರಾತ್ರಿಯ ಅಗ್ಗದ ದರ ಸಿಗಬೇಕಾದರೆ ಅರ್ಧ ಗಂಟೆಯ ಲೆಕ್ಕ ಕಂಪನಿಗೆ ಹೋಗಲೇಬೇಕು. ಇನ್ನೊಂದು ಮಾತು: ಕಂಪನಿಯ ತಪ್ಪಿನಿಂದ ಬಿಲ್ ಹಾಕದೆ ಬಿಟ್ಟ ಬಳಕೆ 12 ತಿಂಗಳಿಗಿಂತ ಹಳೆಯದಾದರೆ ಅದಕ್ಕೆ ಅವರು ದುಡ್ಡು ಕೇಳುವ ಹಾಗಿಲ್ಲ. ಹಾಗೆ ಬಿಲ್ ಬಂದರೆ ಹೆದರಿ ಕಟ್ಟಿಬಿಡಬೇಡಿ.

ಈ ವಾರ ಯಾರದಾದರೂ ಕಂಪನಿ ಬದಲಾಗುತ್ತಿದ್ದರೆ, ಇವತ್ತೇ ಎರಡೂ ಮೀಟರಿನ ಫೋಟೊ ತೆಗೆಯಿರಿ. ಬದಲಾಗುವ ದಿನ ಮತ್ತೊಮ್ಮೆ ತೆಗೆದು ಹೊಸ ಕಂಪನಿಗೆ ಕಳಿಸಿ, ಅವರು ಬೇಡ ಎಂದರೂ ಕಳಿಸಿ. ಅಂಕಿಯ ಜೊತೆ ಮೀಟರಿನ ಸೀರಿಯಲ್ ನಂಬರ್ ಕೂಡ ಕಾಣಲಿ. ನಾನು ಬರೆದ ದೂರಿನ ಮೇಲ್ ಇನ್ನೂ ನನ್ನ ಹತ್ತಿರ ಇದೆ. ಬೇಕಾದವರು ಕೇಳಿ, ನಮ್ಮ ಹೆಸರು-ವಿಳಾಸ ತೆಗೆದು ಕಳಿಸಿಕೊಡುತ್ತೇನೆ.