ಮೊದಲ ಬೇಟೆ ಬಿಲ್ಲು: 500 ಡಾಲರ್ ಒಳಗೆ ಮೂರು ಹೊಸವು, ಒಂದು ಹಳೆಯದು

ಪೆನ್ಸಿಲ್ವೇನಿಯಾದ ನಿಯಮದಂತೆ ಜಿಂಕೆ ಬೇಟೆಯ ಬಿಲ್ಲಿನ ಡ್ರಾ ವೇಟ್, ಅಂದರೆ ಹೆದೆ ಎಳೆಯುವ ಭಾರ, 35 ಪೌಂಡಿಗಿಂತ ಕಡಿಮೆ ಇರಬಾರದು. ಪಕ್ಕದ ಒಹಾಯೋದಲ್ಲಿ 40. ತುದಿಗಳಲ್ಲಿ ಗಾಲಿ ಇರುವ ಈಗಿನ ಕಾಂಪೌಂಡ್ ಬಿಲ್ಲುಗಳಿಗೆ ಇದೊಂದು ಲೆಕ್ಕವೇ ಅಲ್ಲ. ಆದರೂ ಅಂಗಡಿಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವುದು 70 ಪೌಂಡ್, ಸೆಕೆಂಡಿಗೆ 340 ಅಡಿ ಅನ್ನೋ ಮಾತು. ಅಂಥವುಗಳ ಬೆಲೆ 1,000 ಡಾಲರ್ ದಾಟುತ್ತದೆ. ನಾನು ಇಟ್ಟುಕೊಂಡಿದ್ದ ಮಿತಿ ಬಿಲ್ಲಿಗೆ 500. ಅಷ್ಟರಲ್ಲಿ ಸಿಗುವವನ್ನು ಎಳೆದು, ಬಾಣ ಬಿಟ್ಟು ನೋಡಿ ಒಂದನ್ನು ಕೊಂಡೆ.

ಊರಲ್ಲಿ ಕೂತು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದು ಅಮೆರಿಕದ ಕಥೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿದೆ. ತಮಾಷೆ ಅಂದರೆ ಅದೇ 1972ರಲ್ಲಿ ಅಮೆರಿಕ ಬಿಲ್ಲು ಬಾಣಗಳ ಮೇಲೆ ಒಂದು ತೆರಿಗೆ ತಂದಿತು. ಬಿಲ್ಲಿನ ಮೇಲೆ ಶೇ. 11. ಆ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ನೀವು ಕೊಡುವ ಬೆಲೆಯಲ್ಲಿ ಅದು ಆಗಲೇ ಸೇರಿರುತ್ತದೆ.

ಬಿಲ್ಲಿಗಿಂತ ಮೊದಲು ಕೈ ಅಳೆಯಬೇಕು. ಎರಡೂ ಕೈ ಚಾಚಿ, ಒಂದು ಬೆರಳ ತುದಿಯಿಂದ ಇನ್ನೊಂದರ ತುದಿಗೆ ಎಷ್ಟು ಇಂಚು ಅಂತ ನೋಡಿ, 2.5ರಿಂದ ಭಾಗಿಸಿ. ಸುಮಾರಾಗಿ ಅದೇ ನಿಮ್ಮ ಡ್ರಾ ಲೆಂತ್, ಅಂದರೆ ಹೆದೆಯನ್ನು ಎಷ್ಟು ದೂರ ಎಳೆಯುತ್ತೀರಿ ಅನ್ನೋ ಅಳತೆ. ನಾನು ಐದು ಅಡಿ ಆರು ಇಂಚು, ಚಾಚಿದ ಕೈ 66 ಇಂಚು. ಲೆಕ್ಕ 26.4ಕ್ಕೆ ಬರುತ್ತದೆ. ಬಿಲ್ಲನ್ನು 26.5ಕ್ಕೆ ಇಟ್ಟುಕೊಂಡರೆ ಸರಿ. ನಮ್ಮ ಕಡೆಯ ಬಹಳ ಜನ ಇದರ ಆಸುಪಾಸಿನಲ್ಲೇ ಇರುತ್ತಾರೆ. ಜಾಹೀರಾತಿನ ವೇಗ ಇರುವುದು ಈ ಅಳತೆಯವರಿಗಲ್ಲ.

ಆ ವೇಗವನ್ನು ಅಳೆಯುವುದು 30 ಇಂಚು ಡ್ರಾ, 70 ಪೌಂಡ್, 350 ಗ್ರೇನ್ ತೂಕದ ಹಗುರ ಬಾಣ ಇಟ್ಟು. ಗ್ರೇನ್ ಅನ್ನೋದು ಬಾಣ ತೂಗುವ ಪುಟ್ಟ ಅಳತೆ. ಒಂದು ಇಂಚು ಕಡಿಮೆಯಾದರೆ ಸುಮಾರು 10 ಅಡಿ ವೇಗ ಹೋಯಿತು. ಒಂದು ಪೌಂಡ್ ಇಳಿಸಿದರೆ ಎರಡಡಿ. ಬಾಣ ಮೂರು ಗ್ರೇನ್ ಭಾರವಾದರೆ ಒಂದಡಿ. 310 ಅಂತ ಬರೆದಿರುವ ಬಿಲ್ಲು ನನ್ನ ಕೈಯಲ್ಲಿ, 55 ಪೌಂಡಿನಲ್ಲಿ, 400 ಗ್ರೇನ್ ಬಾಣಕ್ಕೆ ಸುಮಾರು 228 ಕೊಡುತ್ತದೆ. ಅಷ್ಟೇನಾ ಅನ್ನಬೇಡಿ. ಶಕ್ತಿಯ ಲೆಕ್ಕದಲ್ಲಿ ಅದು 46 ಫುಟ್-ಪೌಂಡ್. ಬಿಳಿಬಾಲದ ಜಿಂಕೆಗೆ ಧಾರಾಳ ಸಾಕು. 315ರ ಬಿಲ್ಲು ತಗೊಂಡಿದ್ದರೆ 20 ಗಜ ದೂರಕ್ಕೆ ಬಾಣ ಎಷ್ಟು ಬೇಗ ತಲುಪುತ್ತಿತ್ತು ಗೊತ್ತಾ? ಸೆಕೆಂಡಿನ ಸಾವಿರದಲ್ಲಿ ಆರು ಪಾಲು ಮುಂಚೆ, ಅಷ್ಟೇ. ಹೀಗಾಗಿ ವೇಗದ ಸಾಲನ್ನು ನನ್ನ ಹೋಲಿಕೆಯಿಂದಲೇ ತೆಗೆದುಹಾಕಿದೆ.

ಮೊದಲು ಕೈಗೆ ಬಂದದ್ದು ಡೈಮಂಡ್ ಇನ್‌ಫಿನಿಟ್ ಎಡ್ಜ್ ಪ್ರೊ. ಇದರ ಹೆಚ್ಚುಗಾರಿಕೆ ಹೊಂದಾಣಿಕೆಯಲ್ಲಿದೆ. 5ರಿಂದ 70 ಪೌಂಡ್, 13ರಿಂದ 31 ಇಂಚು. ಬಿಲ್ಲನ್ನು ಒತ್ತಿ ಹೆದೆ ಸಡಿಲಿಸುವ ಬೋ ಪ್ರೆಸ್ ಯಂತ್ರ ಬೇಡ, ಅಲೆನ್ ಕೀ ಇದ್ದರೆ ಮನೆಯಲ್ಲೇ ಬದಲಿಸಬಹುದು. ಮಗಳು, ಹೆಂಡತಿ, ನೀವು ಮೂವರೂ ಒಂದೇ ಬಿಲ್ಲಿನಲ್ಲಿ ಕಲಿಯುವುದಾದರೆ ಕಣ್ಣು ಮುಚ್ಚಿ ತಗೊಳ್ಳಿ. ಆದರೆ ಒಂದು ವಿಷಯ ನೆನಪಿರಲಿ. ಡ್ರಾ ಲೆಂತ್ ತೀರಾ ಕಡಿಮೆ ಮಾಡಿದಾಗ 70 ಪೌಂಡ್ ಸಿಗುವುದಿಲ್ಲ, ಗರಿಷ್ಠ ಭಾರವೂ ಇಳಿಯುತ್ತದೆ. ಮಕ್ಕಳಿಗೆ ಅದೇನೂ ತೊಂದರೆಯಲ್ಲ. ಬಿಲ್ಲಿನ ತೂಕ 3.2 ಪೌಂಡ್. ಗುಡ್ಡ ಹತ್ತುವಾಗ ಇದು ಹಿತ. ಗುರಿ ಹಿಡಿದು ನಿಂತಾಗ ಮಾತ್ರ ಹಗುರ ಬಿಲ್ಲು ನನ್ನ ಕೈಯಲ್ಲಿ ಜಾಸ್ತಿ ತೇಲಾಡುತ್ತದೆ. ಮುಂದೆ ಒಂದು ಸ್ಟೆಬಿಲೈಜರ್, ಅಂದರೆ ಅಲುಗಾಟ ತಗ್ಗಿಸುವ ತೂಕದ ಕಡ್ಡಿ, ಹಾಕಿದ ಮೇಲೆ ಸುಮಾರಾಗಿ ನಿಂತಿತು.

ಬೇರ್ ಕಂಪನಿಯ ಲೆಜಿಟ್ ಕೂಡ ಇದೇ ಜಾತಿಯದು. 10ರಿಂದ 70 ಪೌಂಡ್, 14ರಿಂದ 30 ಇಂಚು, 3.6 ಪೌಂಡ್ ತೂಕ. ಉದ್ದ 30 ಇಂಚು, ಹಾಗಾಗಿ ಮರದ ಮೇಲಿನ ಸ್ಟ್ಯಾಂಡಿನಲ್ಲಿ ಕೂತಾಗ ಕೊಂಬೆಗೆ ತಗಲುವುದು ಕಡಿಮೆ. ಇದರ ಬ್ರೇಸ್ ಹೈಟ್ ಡೈಮಂಡಿಗಿಂತ ಕಡಿಮೆ. ಅಂದರೆ ಹಿಡಿಕೆಯಿಂದ ಹೆದೆಗೆ ಇರುವ ಅಂತರ ಚಿಕ್ಕದು, ಬಾಣ ಹೆದೆಯ ಜೊತೆ ತುಸು ಜಾಸ್ತಿ ಹೊತ್ತು ಇರುತ್ತದೆ. ಬಿಡುವಾಗ ಕೈ ಅಲುಗಿದರೆ ಅದು ಗುರಿಯಲ್ಲಿ ಕಾಣಿಸುತ್ತದೆ. ಹೊಸಬರಿಗೆ ಏಳು ಇಂಚಿನ ಸುತ್ತ ಇದ್ದರೆ ಒಳ್ಳೆಯದು ಅಂತ ನನ್ನ ಎಣಿಕೆ. ಇಷ್ಟು ಬಿಟ್ಟರೆ ಇವೆರಡರ ನಡುವೆ ಆರಿಸಲು ದೊಡ್ಡ ಕಾರಣ ಇಲ್ಲ. ಕೈಗೆ ಯಾವ ಹಿಡಿಕೆ ಹಿತವೋ ಅದು.

ನಾನು ಕೊಂಡದ್ದು ಮೂರನೆಯದು, ಪಿಎಸ್‌ಇ ಸ್ಟಿಂಗರ್ ಮ್ಯಾಕ್ಸ್. ಕಾರಣ ಒಂದೇ, ಲೆಟ್ ಆಫ್. ಕಾಂಪೌಂಡ್ ಬಿಲ್ಲಿನ ಜೀವಾಳವೇ ಅದು. ಮಿಸ್ಸೌರಿಯ ಹೋಲೆಸ್ ವಿಲ್ಬರ್ ಆಲನ್ ಎಂಬಾತ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಪಡೆದದ್ದೂ ಈ ಗುಟ್ಟಿಗೇ. ಬಿಲ್ಲಿನ ತುದಿಯ ಗಾಲಿ ತಿರುಗಿ, ಪೂರ್ತಿ ಎಳೆದಾಗ ಭಾರದ ಬಹುಪಾಲು ಕೈಬಿಡುತ್ತದೆ. ಶೇ. 75 ಲೆಟ್ ಆಫ್ ಇದ್ದರೆ 55 ಪೌಂಡಿನಲ್ಲಿ ಕೈ ಮೇಲೆ ಉಳಿಯುವುದು ಸುಮಾರು 14. ಶೇ. 80 ಇದ್ದರೆ 11. ಮೂರು ಪೌಂಡ್ ಏನು ಮಹಾ ಅನ್ನಿಸುತ್ತದೆ ಅಲ್ವಾ? ಜಿಂಕೆ ಮರದ ಹಿಂದೆ ಎದೆ ಮರೆಸಿಕೊಂಡು ನಿಂತುಬಿಡುತ್ತದೆ. ನೀವು ಎಳೆದಾಗಿದೆ, ಇಳಿಸಿದರೆ ಅದು ನೋಡುತ್ತದೆ. ಆ ಒಂದು ನಿಮಿಷದಲ್ಲಿ ಮೂರು ಪೌಂಡಿನ ಬೆಲೆ ಗೊತ್ತಾಗುತ್ತದೆ.

ಸ್ಟಿಂಗರ್ 21.5 ಇಂಚಿನಿಂದ ಶುರು, ಹಾಗಾಗಿ ಚಿಕ್ಕ ಮಕ್ಕಳಿಗೆ ಆಗದು. ಲಿಂಬ್ ಅನ್ನು, ಅಂದರೆ ಬಿಲ್ಲಿನ ಬಾಗುವ ತೋಳುಗಳನ್ನು, 55 ಅಥವಾ 70 ಪೌಂಡ್ ಅಂತ ಕೊಳ್ಳುವಾಗಲೇ ಆರಿಸಬೇಕು. ನಾನು 55 ಆರಿಸಿದೆ. 70ರದ್ದನ್ನು ಇಳಿಸಿ ಬಳಸುವುದಕ್ಕಿಂತ 55ರದ್ದನ್ನು ಪೂರ್ತಿ ಬಿಗಿದು ಬಳಸುವುದು ಲೇಸು. ತೂಕ 3.8 ಪೌಂಡ್, ಬ್ರೇಸ್ ಹೈಟ್ ಏಳು ಇಂಚು. ಹೊತ್ತು ನಡೆಯುವಾಗ ಭಾರ ಅನ್ನಿಸುತ್ತದೆ, ಗುರಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಎಷ್ಟು ಪೌಂಡ್ ನಿಮ್ಮ ಕೈಲಾಗುತ್ತದೆ ಅಂತ ತಿಳಿಯಲು ನಿಂತು ಎಳೆಯಬೇಡಿ. ಕುರ್ಚಿಯಲ್ಲಿ ಕೂತು, ಎರಡೂ ಪಾದ ನೆಲದಿಂದ ಎತ್ತಿ, ಬಿಲ್ಲನ್ನು ಗುರಿಯತ್ತಲೇ ಇಟ್ಟುಕೊಂಡು ನಿಧಾನಕ್ಕೆ ಎಳೆಯಿರಿ. ಆಕಾಶದ ಕಡೆ ಎತ್ತದೆ ಎಳೆಯಲು ಆಗಲಿಲ್ಲವೇ, ಐದು ಪೌಂಡ್ ಇಳಿಸಿ. ನವೆಂಬರ್ ಚಳಿಯಲ್ಲಿ ದಪ್ಪ ಜಾಕೆಟ್ ಹಾಕಿ ಅಲ್ಲಾಡದೆ ಗಂಟೆಗಟ್ಟಲೆ ಕೂತ ಭುಜಕ್ಕೆ ಬೇಸಿಗೆಯ ಶಕ್ತಿ ಇರುವುದಿಲ್ಲ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ 65 ಎಳೆದು ತೋರಿಸುವ ಗಂಡಸುತನ ಯಾರಿಗೂ ಬೇಕಿಲ್ಲ.

ನಾಲ್ಕನೆಯ ಆಯ್ಕೆ ಸೆಕೆಂಡ್ ಹ್ಯಾಂಡ್. ಆರೇಳು ವರ್ಷದ ಹಿಂದಿನ ದುಬಾರಿ ಬಿಲ್ಲೊಂದು ನನ್ನ ಮಿತಿಯೊಳಗೇ ಸಿಗುತ್ತಿತ್ತು. ಎಳೆದಾಗ ಬೆಣ್ಣೆ. ಬಾಣ ಬಿಟ್ಟರೆ ಸದ್ದೂ ಇಲ್ಲ, ನಡುಕವೂ ಇಲ್ಲ. ಸುಳ್ಳು ಯಾಕೆ, ಮೇಲಿನ ಮೂರೂ ಅದರ ಹತ್ತಿರ ಬರುವುದಿಲ್ಲ. ಆದರೆ ಅದು 29 ಇಂಚಿಗೆ ಕೂರಿಸಿದ್ದ ಬಿಲ್ಲು. ನನಗೆ ಹೊಂದಿಸಬೇಕಾದರೆ ಬೇರೆ ಮಾಡ್ಯೂಲ್, ಅಂದರೆ ಡ್ರಾ ಲೆಂತ್ ತೀರ್ಮಾನಿಸುವ ಗಾಲಿಯ ತುಂಡು, ಬೇಕು, ಹೆದೆ ಹಳೆಯದಾಗಿತ್ತು, ಪ್ರೆಸ್‌ಗೆ ಹಾಕುವ ಕೂಲಿ ಬೇರೆ. ಎಲ್ಲ ಕೂಡಿದರೆ 500 ಎಲ್ಲೋ ಹಿಂದೆ ಉಳಿಯಿತು. ಕಂಪನಿಗಳ ವಾರಂಟಿಯೂ ಸಾಮಾನ್ಯವಾಗಿ ಮೊದಲು ಕೊಂಡವರಿಗೆ ಮಾತ್ರ. ನಿಮ್ಮ ಕೈ ಉದ್ದ ಇದ್ದು, ಹಳೆಯದರ ಡ್ರಾ ಲೆಂತ್ ಹಾಗೇ ಹೊಂದಿದರೆ ನಾನು ಹೊಸದು ಕೊಳ್ಳಿ ಅನ್ನುವುದೇ ಇಲ್ಲ. ಕೊಳ್ಳುವ ಮುಂಚೆ ಹತ್ತಿಯ ಉಂಡೆಯನ್ನು ಲಿಂಬ್ ಮೇಲೆಲ್ಲ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ. ಕ್ಯಾಮ್, ಅಂದರೆ ತುದಿಯ ಗಾಲಿ, ಬಾಗಿದೆಯಾ ನೋಡಿ. ಬಾಣ ಇಡದೆ ಹೆದೆ ಬಿಟ್ಟ ಬಿಲ್ಲುಗಳಿಗೆ ಹಾಗಾಗುವುದುಂಟು. ಅದನ್ನು ಡ್ರೈ ಫೈರ್ ಅನ್ನುತ್ತಾರೆ, ಒಂದೇ ಸಲಕ್ಕೆ ಬಿಲ್ಲು ಪುಡಿಯಾಗಬಹುದು.

ಮೂರೂ ಹೊಸ ಬಿಲ್ಲುಗಳು ಪ್ಯಾಕೇಜಿನಲ್ಲಿ ಬರುತ್ತವೆ. ಗುರಿ ನೋಡುವ ಸೈಟ್, ಬಾಣ ಕೂರುವ ರೆಸ್ಟ್, ಹೆದೆಯಲ್ಲಿ ಕಣ್ಣಿಡುವ ಪುಟ್ಟ ರಂಧ್ರವಾದ ಪೀಪ್, ಬತ್ತಳಿಕೆ ಎಲ್ಲ ಜೊತೆಗೇ. ಇವು ಕಲಿಯುವುದಕ್ಕೆ ಸಾಕು. ಸುತ್ತಲೂ ಕುಂಚದ ಕೂದಲಿರುವ ವಿಸ್ಕರ್ ಬಿಸ್ಕೆಟ್ ಮಾದರಿಯ ರೆಸ್ಟ್ ಇದ್ದರೆ ಬದಲಿಸಲೇಬೇಡಿ. ಬಾಣ ಜಾರಿ ಬೀಳುವುದಿಲ್ಲ, ಕೆಡುವಂಥದ್ದು ಅದರಲ್ಲೇನೂ ಇಲ್ಲ. ದುಡ್ಡು ಉಳಿದರೆ ರಿಲೀಸ್‌ಗೆ, ಅಂದರೆ ಹೆದೆ ಹಿಡಿದು ಬಿಡುವ ಟ್ರಿಗರ್ ಸಾಧನಕ್ಕೆ, ಹಾಕಿ. ಅದು ಸಾಮಾನ್ಯವಾಗಿ ಪ್ಯಾಕೇಜಿನಲ್ಲಿ ಇರುವುದಿಲ್ಲ, ಆದರೆ ಪ್ರತಿ ಬಾಣಕ್ಕೂ ನಿಮ್ಮ ಬೆರಳು ಇರುವುದು ಅದರ ಮೇಲೆ. ಬಾಣವನ್ನೂ ಮರೆಯಬೇಡಿ. ಡ್ರಾ ವೇಟಿನ ಪ್ರತಿ ಪೌಂಡಿಗೆ ಐದು ಗ್ರೇನ್‌ಗಿಂತ ಹಗುರ ಬಾಣ ಬಿಲ್ಲಿಗೇ ಅಪಾಯ. ನಾನು ಏಳಕ್ಕೆ ಮೇಲೆ ಇಟ್ಟಿದ್ದೇನೆ.

ಕೊಳ್ಳುವುದಾದರೆ ಜೂನ್‌ನಲ್ಲೇ ಕೊಳ್ಳಿ. ಪೆನ್ಸಿಲ್ವೇನಿಯಾದಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್‌ಗೆ ಶುರುವಾದರೂ ಪಿಟ್ಸ್‌ಬರ್ಗ್ ಸುತ್ತಲಿನ 2ಬಿ ವಲಯದಲ್ಲಿ ಸೆಪ್ಟೆಂಬರ್‌ನಲ್ಲೇ ತೆರೆಯುತ್ತದೆ. ಮೊದಲ ಸಲ ಲೈಸೆನ್ಸ್ ಪಡೆಯುವವರು ಬೇಟೆ ತರಬೇತಿ ಮುಗಿಸಿರಬೇಕು. ಬ್ರಾಡ್‌ಹೆಡ್, ಅಂದರೆ ಬೇಟೆಗೆ ಹಾಕುವ ಅಲಗಿನ ಮೊನೆ, ಕನಿಷ್ಠ 7/8 ಇಂಚು ಅಗಲ ಕತ್ತರಿಸುವಂತಿರಬೇಕು, ಅಭ್ಯಾಸದ ಮೊನೆಗೆ ಕೂರಿಸಿದ ಗುರಿ ಅದಕ್ಕೆ ಹಾಗೇ ಹೊಂದುವುದು ಅಪರೂಪ. ಅದನ್ನು ಸರಿಮಾಡಲು ಆಗಸ್ಟ್ ಪೂರ್ತಿ ಬೇಕಾಗುತ್ತದೆ.